ಅಡುಗೆಯ ಒಲೆ ಬೇರೆ, ಬೆಸುಗೆಯ ಒಲೆ ಬೇರೆ

ಮಹಾನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಜಾಗದ ಕೊರತೆ ಹೊಸ ಸಂಗತಿಯೇನಲ್ಲ. ಊರಿನ ಮನೆಯಲ್ಲಿ ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಿಲು ಎಂದು ಒಂದೊಂದು ಕೆಲಸಕ್ಕೆ ಒಂದೊಂದು ಎಡೆಯಿತ್ತು. ಮುಂಬಯಿಯ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಾಗಲಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಬಹುಮಹಡಿ ಕಟ್ಟಡಗಳ ಸಣ್ಣ ಫ್ಲಾಟುಗಳಲ್ಲಾಗಲಿ ಆ ಅನುಕೂಲವಿಲ್ಲ. ಅಲ್ಲಿ ಅಡುಗೆಮನೆಯೇ ಊಟದ ಮನೆ. ಅದೇ ಮಕ್ಕಳು ಪಾಠ ಓದುವ ಸ್ಥಳ. ಇಸ್ತ್ರಿ ಮಾಡುವುದಕ್ಕೂ ಮಿಕ್ಸಿ ರಿಪೇರಿಗೂ ಅದೇ ಕಟ್ಟೆ. ಇಂಥ ಮನೆಗಳ ತರುಣರಲ್ಲಿ ಕೆಲವರು ಈಗ ಅದೇ ಕಟ್ಟೆಯ ಮೇಲೆ ಇನ್ನೊಂದು ಕೆಲಸವನ್ನೂ ಆರಂಭಿಸಿದ್ದಾರೆ. ಕೇಕು, ಬ್ರೆಡ್ಡು, ಬಿಸ್ಕತ್ತುಗಳಿಗಾಗಿ ಕೊಂಡು ತಂದ ಓಟಿಜಿಯೊಳಗೆ, ಎಂದರೆ ವಿದ್ಯುತ್ ಓವನಿನೊಳಗೆ, ಎಲೆಕ್ಟ್ರಾನಿಕ್ ಬೋರ್ಡುಗಳನ್ನಿಟ್ಟು ಬೆಸುಗೆ ಹಾಕುವುದೇ ಆ ಕೆಲಸ.

ಈ ಹವ್ಯಾಸವನ್ನು ಹುಡುಗಾಟವೆಂದು ತಳ್ಳಿಹಾಕುವುದು ಸರಿಯಲ್ಲ. ಹಾಗೆಯೇ, ಏನೂ ಆಗುವುದಿಲ್ಲವೆಂದು ಕಣ್ಣು ಮುಚ್ಚಿಕೊಳ್ಳುವುದೂ ಸರಿಯಲ್ಲ. ಬೆಸುಗೆಗೆ ಒಮ್ಮೆ ಬಳಸಿದ ಓವನ್ ಮತ್ತೆಂದೂ ಅಡುಗೆಗೆ ಮರಳಕೂಡದು. ಇದು ಪ್ರತಿ ಮನೆಯವರೂ ಮನಗಾಣಬೇಕಾದ ಮಾತು. ಏಕೆ ಮರಳಕೂಡದೆಂಬುದನ್ನು ಗದರಿಕೆಯಿಂದ ಹೇಳುವುದಕ್ಕಿಂತ ಕಾರಣಸಹಿತವಾಗಿ ತಿಳಿಯಪಡಿಸುವುದು ಲೇಸು. ಕಾರಣ ತಿಳಿದ ತರುಣ ನಿಯಮವನ್ನು ತಾನಾಗಿಯೇ ಪಾಲಿಸುತ್ತಾನೆ. ತಿಳಿಯದವನು ಮನೆಯವರು ಮಲಗಿದ ಮೇಲೆ ಓವನನ್ನು ಹೊತ್ತಿಸುತ್ತಾನೆ.

ಒಲೆಯೊಳಗೆ ನಡೆಯುವುದೇನು?

ಬೆಸುಗೆಯ ವಿದ್ಯೆ ಕನ್ನಡಿಗರಿಗೆ ಅಪರಿಚಿತವಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಐ.ಟಿ.ಐ. ಮತ್ತು 1954ರಲ್ಲಿ ಸ್ಥಾಪಿತವಾದ ಬಿ.ಇ.ಎಲ್. ಕಾರ್ಖಾನೆಗಳಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ದುಡಿದವರು ಎಷ್ಟೋ ಮಂದಿ. ಆ ಕಾಲದ ರೆಸಿಸ್ಟರು, ಟ್ರಾನ್ಸಿಸ್ಟರುಗಳಿಗೆ ತಂತಿಯ ಕಾಲುಗಳಿದ್ದವು. ಬೋರ್ಡಿನ ತೂತುಗಳಲ್ಲಿ ಕಾಲುಗಳನ್ನು ತೂರಿಸಿ, ಹಿಂಬದಿಯಿಂದ ಕಾದ ಐರನನ್ನು ಮುಟ್ಟಿಸಿದರೆ ಬೆಸುಗೆ ಮುಗಿಯುತ್ತಿತ್ತು. ಇಂದಿನ ಬಿಡಿಭಾಗಗಳಿಗೆ ಕಾಲುಗಳೇ ಇಲ್ಲ; ಅವು ಬೋರ್ಡಿನ ಮೇಲ್ಮೈಯಲ್ಲಿಯೇ ಕೂರುತ್ತವೆ. '0603' ಎಂಬ ಅಳತೆಯ ರೆಸಿಸ್ಟರಿನ ಉದ್ದ 1.6 ಮಿಲಿಮೀಟರ್, ಅಗಲ 0.8 ಮಿಲಿಮೀಟರ್ ಮಾತ್ರ. ಕೆಲವು ಚಿಪ್‌ಗಳಲ್ಲಿ ಬೆಸುಗೆಯ ಬಿಂದುಗಳೆಲ್ಲ ಹೊಟ್ಟೆಯ ಅಡಿಯಲ್ಲಿಯೇ ಇರುತ್ತವೆ. ಅಲ್ಲಿಗೆ ಐರನಿನ ತುದಿ ತಲುಪಲಾರದು. ಆದ್ದರಿಂದ ಇಡೀ ಬೋರ್ಡನ್ನೇ ಕಾಯಿಸಬೇಕಾಗುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕೆಂದೇ ಉದ್ದವಾದ, ಬೆಲೆಬಾಳುವ ರಿಫ್ಲೋ ಓವನುಗಳಿವೆ. ಮನೆಯ ಹವ್ಯಾಸಿಗೆ ಕೈಗೆಟುಕುವುದು ಅಡುಗೆಯ ಓವನ್.

ಕೆಲಸದ ಕ್ರಮ ಹೀಗಿದೆ. ಬೆಸುಗೆ ಲೋಹದ ಅತಿ ಸಣ್ಣ ಗುಂಡುಗಳನ್ನು ಫ್ಲಕ್ಸ್ ಎಂಬ ಜಿಗುಟು ದ್ರವ್ಯದಲ್ಲಿ ಕಲಸಿದರೆ ಸೋಲ್ಡರ್ ಪೇಸ್ಟ್ ಆಗುತ್ತದೆ. ಇದರ ತೂಕದಲ್ಲಿ ಶೇಕಡಾ 85ರಿಂದ 90ರಷ್ಟು ಲೋಹವೇ. ಈ ಪೇಸ್ಟನ್ನು ಬೋರ್ಡಿನ ತಾಮ್ರದ ಬಿಂದುಗಳ ಮೇಲೆ ಹಚ್ಚಿ, ಚಿಮುಟದಿಂದ ಒಂದೊಂದೇ ಭಾಗವನ್ನು ಅದರ ಮೇಲೆ ಕೂರಿಸಿ, ಬೋರ್ಡನ್ನು ಓವನಿನಲ್ಲಿಡುತ್ತಾರೆ. ಮೊದಲು ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಮೆಲ್ಲನೆ ಕಾಯಿಸಬೇಕು. ಬಳಿಕ ಒಂದೆರಡು ನಿಮಿಷ ಆ ಆಸುಪಾಸಿನಲ್ಲಿಯೇ ಇರಿಸಿ, ಬೋರ್ಡಿನ ಎಲ್ಲ ಭಾಗಕ್ಕೂ ಕಾವು ಸಮನಾಗಿ ಹರಡುವಂತೆ ನೋಡಿಕೊಳ್ಳಬೇಕು. ಕೊನೆಯಲ್ಲಿ ಲೋಹ ಕರಗುವ ಮಟ್ಟವನ್ನು 30 ಡಿಗ್ರಿಯಷ್ಟು ದಾಟಿಸಿ, ಒಂದು ನಿಮಿಷದ ಆಸುಪಾಸು ನಿಲ್ಲಿಸಿ, ತಣಿಸಬೇಕು. ಬೂದುಬಣ್ಣದ ಪೇಸ್ಟು ಆ ಹೊತ್ತಿಗೆ ಥಟ್ಟನೆ ಬೆಳ್ಳಿಯಂತೆ ಹೊಳೆಯುತ್ತದೆ. ಕರಗಿದ ಲೋಹದ ಮೇಲ್ಮೈ ಸೆಳೆತದಿಂದ, ತುಸು ಓರೆಯಾಗಿ ಕೂತಿದ್ದ ಭಾಗವೂ ತನ್ನಷ್ಟಕ್ಕೆ ತಾನೇ ನೇರವಾಗುತ್ತದೆ. ಅದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಭೌತಶಾಸ್ತ್ರದ ಒಂದು ಪಾಠ ಜೀವಮಾನವಿಡೀ ಮರೆಯದಂತಾಗುವುದು ಸಹಜ.

ಈ ತತ್ತ್ವ ಹಿಂದಿನ ಗೃಹಿಣಿಯರಿಗೂ ಗೊತ್ತಿದ್ದುದೇ. ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗರು ತಮಿಳರ ಮನೆಗಳ 'ಈಯ ಚೊಂಬ'ನ್ನು ಬಲ್ಲರು. ಸಾರು ಕಾಯಿಸುವ ಆ ತವರದ ಪಾತ್ರೆಯನ್ನು ಬರಿದಾಗಿ ಉರಿಯ ಮೇಲಿಟ್ಟರೆ ಕರಗಿಹೋಗುತ್ತದೆ. ಒಳಗೆ ಸಾರಿದ್ದರೆ ಉಳಿಯುತ್ತದೆ. ತವರ ಕರಗುವುದು 232 ಡಿಗ್ರಿಯಲ್ಲಿ. ಸಾರು ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿದು ಪಾತ್ರೆಯನ್ನು ಕಾಪಾಡುತ್ತದೆ. ತವರಕ್ಕೆ ಸೀಸವನ್ನು ಬೆರೆಸಿದರೆ ಇನ್ನೂ ಕಡಿಮೆ ಕಾವಿನಲ್ಲಿ ಕರಗುತ್ತದೆ. 63 ಭಾಗ ತವರ, 37 ಭಾಗ ಸೀಸ ಸೇರಿದ ಮಿಶ್ರಣ ಕರಗುವುದು 183 ಡಿಗ್ರಿಯಲ್ಲಿ. ಸೀಸವಿಲ್ಲದೆ ತವರ, ಬೆಳ್ಳಿ, ತಾಮ್ರಗಳಿಂದ ಮಾಡಿದ ಬೆಸುಗೆಗೆ 217ರಿಂದ 220 ಡಿಗ್ರಿ ಬೇಕು. ಅಡುಗೆಯ ಓವನಿನ ಗುಂಡಿ ಸಾಮಾನ್ಯವಾಗಿ 250ರವರೆಗೆ ತಿರುಗುತ್ತದೆ. ಸೀಸದ ಬೆಸುಗೆ ಹವ್ಯಾಸಿಗಳಿಗೆ ಅಚ್ಚುಮೆಚ್ಚಾಗಿರುವುದಕ್ಕೆ ಕಾರಣ ಇದೇ: ಕಡಿಮೆ ಕಾವು ಸಾಕು, ಭಾಗಗಳು ಸುಡುವ ಭಯ ಕಡಿಮೆ. ಅಪಾಯದ ಮೂಲವೂ ಇದೇ.

ಸೀಸ ಹಿಡಿಯುವ ದಾರಿ

ಸೀಸವು ದೇಹಕ್ಕೆ ಯಾವ ಉಪಯೋಗಕ್ಕೂ ಬಾರದ ಲೋಹ. ಅದು ರಕ್ತವನ್ನು ಸೇರಿ, ಎಲುಬುಗಳಲ್ಲಿ ವರ್ಷಗಟ್ಟಲೆ ತಂಗುತ್ತದೆ. ಗರ್ಭಿಣಿಯ ದೇಹದಿಂದ ಗರ್ಭಸ್ಥ ಶಿಶುವಿಗೂ ದಾಟುತ್ತದೆ. ದೊಡ್ಡವರಲ್ಲಿ ರಕ್ತದೊತ್ತಡ ಹಾಗೂ ಮೂತ್ರಪಿಂಡದ ತೊಂದರೆಗಳಿಗೆ ಎಡೆಮಾಡಿಕೊಟ್ಟರೆ, ಮಕ್ಕಳಲ್ಲಿ ಬೆಳೆಯುತ್ತಿರುವ ಮಿದುಳನ್ನೇ ಕುಗ್ಗಿಸುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಎಳೆಯ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಕಬ್ಬಿಣ, ಸುಣ್ಣದ ಅಂಶಗಳ ಕೊರತೆಯಿದ್ದರೆ ಈ ಹೀರಿಕೆ ಇನ್ನೂ ಹೆಚ್ಚು. ರಕ್ತಹೀನತೆ ಮನೆಮಾತಾಗಿರುವ ನಾಡಿನಲ್ಲಿ ಇದು ಅಲಕ್ಷಿಸುವ ಮಾತಲ್ಲ.

ಎಷ್ಟು ಸೀಸವಿದ್ದರೆ ಚಿಂತೆಯಿಲ್ಲ? ಈ ಪ್ರಶ್ನೆಗೆ ವೈದ್ಯಲೋಕ ಕೊಟ್ಟ ಉತ್ತರ ದಶಕದಿಂದ ದಶಕಕ್ಕೆ ಬಿಗಿಯಾಗುತ್ತಲೇ ಬಂದಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಮಕ್ಕಳ ವಿಷಯದಲ್ಲಿ ಎಚ್ಚರ ವಹಿಸಬೇಕಾದ ಮಟ್ಟವನ್ನು 1985ರಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 25 ಮೈಕ್ರೋಗ್ರಾಂ ಎಂದು ನಿಗದಿಪಡಿಸಿತ್ತು. 1991ರಲ್ಲಿ ಅದು 10ಕ್ಕೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಯಿತು. ಅಪಾಯವೇ ಇಲ್ಲವೆನ್ನಬಹುದಾದ ಮಟ್ಟ ಯಾವುದೂ ಇಲ್ಲವೆಂಬುದು ಇಂದಿನ ತಿಳಿವಳಿಕೆ. ಭಾರತದಲ್ಲಿಯೂ ಈ ವಿಷಯ ಚರ್ಚೆಗೆ ಬಂದುದುಂಟು. 1999ರಲ್ಲಿ ಸೀಸದ ವಿಷಬಾಧೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದು ಬೆಂಗಳೂರಿನಲ್ಲಿಯೇ ಜರುಗಿತು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸವನ್ನು ತೆಗೆಯಲಾಯಿತು. ಬೀದಿಯಿಂದ ಹೊರದೂಡಲ್ಪಟ್ಟ ಸೀಸವನ್ನು ಅಡುಗೆಮನೆಯ ಬಾಗಿಲಿನಿಂದ ಒಳಗೆ ಕರೆದುಕೊಳ್ಳುವುದು ಜಾಣತನವೇ?

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬಹುದು. ಸೀಸವುಳ್ಳ ಪೇಸ್ಟಿನ ತೂಕದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಸೀಸವಿರುತ್ತದೆ. 50 ಗ್ರಾಂ ಪೇಸ್ಟಿನಲ್ಲಿ ಸುಮಾರು 16 ಗ್ರಾಂ ಸೀಸವಾಯಿತು. ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಒಂದು ಮಿಲಿಗ್ರಾಂ ಪೇಸ್ಟಿನಲ್ಲಿ 300ಕ್ಕೂ ಹೆಚ್ಚು ಮೈಕ್ರೋಗ್ರಾಂ ಸೀಸ. ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತ ಸುಮಾರು 800 ಮಿಲಿಲೀಟರ್, 3.5ರ ಮಟ್ಟದಲ್ಲಿ ಆ ರಕ್ತದಲ್ಲೆಲ್ಲ ಇರುವ ಸೀಸ ಸುಮಾರು 28 ಮೈಕ್ರೋಗ್ರಾಂ ಮಾತ್ರ. ನುಂಗಿದ ಸೀಸವೆಲ್ಲ ರಕ್ತವನ್ನು ಸೇರುವುದಿಲ್ಲ, ನಿಜ. ಆದರೂ ಕಣ್ಣಿಗೆ ಸರಿಯಾಗಿ ಕಾಣಿಸದ ಒಂದು ಚುಕ್ಕೆಯನ್ನು ಏಕೆ ಕೀಳಂದಾಜು ಮಾಡಬಾರದೆಂಬುದಕ್ಕೆ ಈ ಲೆಕ್ಕ ಸಾಕು.

ಆ ಚುಕ್ಕೆ ಹೋಗುವ ದಾರಿಗಳು ಅನೇಕ. ಪೇಸ್ಟು ಬೆರಳಿಗೆ ಅಂಟುತ್ತದೆ. ಬೆರಳಿನಿಂದ ಓವನಿನ ಹಿಡಿಗೆ, ನಲ್ಲಿಗೆ, ಉಪ್ಪಿನ ಡಬ್ಬಿಯ ಮುಚ್ಚಳಕ್ಕೆ ದಾಟುತ್ತದೆ. ಕಾಯುವಾಗ ಸಣ್ಣ ಸಣ್ಣ ಗುಂಡುಗಳು ಸಿಡಿದು ಓವನಿನ ತಟ್ಟೆ, ಜಾಲರಿ, ಗೋಡೆಗಳ ಮೇಲೆ ಬೀಳುತ್ತವೆ. ಮರುದಿನ ಅದೇ ಜಾಲರಿಯ ಮೇಲೆ ಬ್ರೆಡ್ಡಿನ ಹೋಳು ಕೂರುತ್ತದೆ. ಇನ್ನೊಂದು ವಿಷಯ ಹಲವರ ಗಮನಕ್ಕೆ ಬಾರದು: ಸೋಲ್ಡರ್ ಪೇಸ್ಟನ್ನು ಕೆಡದಂತೆ ತಂಪಿನಲ್ಲಿಡಬೇಕೆಂದು ಅದರ ತಯಾರಕರೇ ಸೂಚಿಸುತ್ತಾರೆ. ಮನೆಯಲ್ಲಿ ಇರುವುದು ಒಂದೇ ಫ್ರಿಜ್. ಹಾಲು, ಮೊಸರು, ದೋಸೆ ಹಿಟ್ಟುಗಳ ಪಕ್ಕದಲ್ಲಿ ಸೀಸದ ಸಿರಿಂಜೊಂದು ಮೌನವಾಗಿ ಸ್ಥಾನ ಪಡೆಯುವುದು ಹೀಗೆ.

ಹೊಗೆಯ ಸಂಗತಿ

ಸೀಸದ ಜೊತೆಗೆ ಯೋಚಿಸಬೇಕಾದುದು ಹೊಗೆ. ಬೆಸುಗೆಯ ಹೊತ್ತಿಗೆ ಏಳುವ ಬಿಳಿಯ ಹೊಗೆ ಲೋಹದ್ದಲ್ಲ, ಫ್ಲಕ್ಸಿನದು. ಫ್ಲಕ್ಸಿನಲ್ಲಿ ಅನೇಕ ವೇಳೆ ಇರುವ ರೋಸಿನ್, ಪೈನ್ ಮರದ ಅಂಟಿನಿಂದ ತೆಗೆದ ರಾಳ. ಮರದಿಂದ ಬಂದುದೆಂದ ಮಾತ್ರಕ್ಕೆ ಅದರ ಹೊಗೆ ನಿರಪಾಯಕಾರಿಯಲ್ಲ. ದಿನವೂ ಅದನ್ನು ಉಸಿರಾಡುವ ಕಾರ್ಮಿಕರಲ್ಲಿ ಉಬ್ಬಸವನ್ನು ಉಂಟುಮಾಡುವ ಪ್ರಮುಖ ಕಾರಣಗಳಲ್ಲಿ ಇದೂ ಒಂದೆಂದು ಬ್ರಿಟನ್ನಿನ ಔದ್ಯೋಗಿಕ ಆರೋಗ್ಯ ಅಧಿಕಾರಿಗಳು ಎಚ್ಚರಿಸಿದ್ದಾರೆ. ಒಮ್ಮೆ ದೇಹಕ್ಕೆ ಇದು ಒಗ್ಗದಂತಾಯಿತೆಂದರೆ ಮುಂದೆ ಸ್ವಲ್ಪ ಹೊಗೆಯೂ ಸಾಕು, ಉಸಿರು ಕಟ್ಟುತ್ತದೆ. ತಿಂಗಳಿಗೊಮ್ಮೆ ಬೆಸುಗೆ ಹಾಕುವ ಹವ್ಯಾಸಿ ಕಾರ್ಮಿಕನಷ್ಟು ಹೊಗೆ ಕುಡಿಯುವುದಿಲ್ಲವಾದರೂ, ಒಂದೇ ಕಿಟಕಿಯ ಮನೆಯಲ್ಲಿ ಅವನ ಜೊತೆಗೆ ಉಬ್ಬಸವಿರುವ ತಾಯಿಯೋ ಅಜ್ಜನೋ ಇದ್ದರೆ ಆ ಹೊಗೆ ಅವರ ಪಾಲಿಗೂ ಬರುತ್ತದೆ.

ಕಾವು ಮಿತಿಮೀರಿದರೆ ಬೇರೆ ಅನಾಹುತಗಳಿವೆ. ಓವನಿನ ಗುಂಡಿಯ ಮೇಲಿನ ಅಂಕಿಗೂ ಬೋರ್ಡಿನ ನಿಜವಾದ ಕಾವಿಗೂ ಬಹಳ ಅಂತರವಿರಬಹುದು. ಆದ್ದರಿಂದಲೇ ಬಲ್ಲವರು ಥರ್ಮೋಕಪಲ್ ಎಂಬ ತಂತಿಯನ್ನು ಬೋರ್ಡಿಗೇ ತಾಗಿಸಿ ಕಾವನ್ನು ಅಳೆಯುತ್ತಾರೆ. ಅಳತೆಯಿಲ್ಲದೆ ಕಾಯಿಸಿದರೆ ಪ್ಲಾಸ್ಟಿಕ್ ಭಾಗಗಳು ಕರಗುತ್ತವೆ. ಬೋರ್ಡಿನ ಪದರಗಳು ಉಬ್ಬಿ ಬಿರಿದು ಕಟುವಾದ ಹೊಗೆಯನ್ನು ಕಾರುತ್ತವೆ. ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳು ಸಿಡಿಯಬಹುದು. ಬ್ಯಾಟರಿಯಿರುವ ಬೋರ್ಡನ್ನು ಓವನಿನಲ್ಲಿಡುವುದಂತೂ ಬೆಂಕಿಯನ್ನು ಆಹ್ವಾನಿಸಿದಂತೆಯೇ ಸರಿ. ಅದಲ್ಲದೆ, ಕಾವನ್ನು ತಾನೇ ನಿಯಂತ್ರಿಸಬೇಕೆಂಬ ಉತ್ಸಾಹದಲ್ಲಿ ಓವನಿನ ಒಳತಂತಿಗಳನ್ನು ಬಿಚ್ಚಿ ಬೇರೆ ಸರ್ಕ್ಯೂಟ್ ಜೋಡಿಸುವವರಿದ್ದಾರೆ. ಅಲ್ಲಿ ಹರಿಯುವುದು 230 ವೋಲ್ಟ್. ಅರ್ತಿಂಗ್ ತಪ್ಪಿದರೆ ಓವನಿನ ಲೋಹದ ಮೈಯೇ ಪ್ರಾಣಕ್ಕೆ ಎರವಾಗುತ್ತದೆ. ಅನುಭವಿ ಎಲೆಕ್ಟ್ರೀಷಿಯನ್ ನೋಡಿ ಒಪ್ಪದ ಹೊರತು ಅಂಥ ಓವನನ್ನು ಚಾಲೂ ಮಾಡಕೂಡದು.

ಕೇಳಿಬರುವ ಸಮಾಧಾನಗಳು

ಈ ಎಚ್ಚರಿಕೆಗಳಿಗೆ ಎದುರಾಗಿ ಕೆಲವು ಸಮಾಧಾನದ ಮಾತುಗಳು ಕೇಳಿಬರುತ್ತವೆ. ಅವುಗಳಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದಕಾರಣ ಅವನ್ನು ಒಂದೊಂದಾಗಿ ಪರಿಶೀಲಿಸುವುದು ನ್ಯಾಯ.

ಮೊದಲನೆಯದು, ಬೆಸುಗೆಯ ಕಾವಿನಲ್ಲಿ ಸೀಸ ಆವಿಯಾಗುವುದಿಲ್ಲವೆಂಬ ವಾದ. ಇದು ನಿಜವೇ. ಸೀಸ ಕುದಿಯುವುದು 1,700 ಡಿಗ್ರಿಗೂ ಮೇಲೆ. 250 ಡಿಗ್ರಿಯಲ್ಲಿ ಅದರ ಆವಿ ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ. ಆದರೆ ಇಲ್ಲಿ ಮುಖ್ಯ ಭಯ ಆವಿಯದಲ್ಲ, ಅಂಟು ಮತ್ತು ಧೂಳಿನದು. ಮೂಗಿನ ದಾರಿ ಮುಚ್ಚಿದೆಯೆಂದ ಮಾತ್ರಕ್ಕೆ ಬಾಯಿಯ ದಾರಿ ಮುಚ್ಚಿದಂತಾಗಲಿಲ್ಲ.

ಎರಡನೆಯದು, ಸೀಸವಿಲ್ಲದ ಪೇಸ್ಟನ್ನೇ ಬಳಸಿದರಾಯಿತೆಂಬುದು. ಇದು ಒಳ್ಳೆಯ ಸಲಹೆ. ಮನೆಯಲ್ಲಿ ಕೆಲಸ ಮಾಡುವವರು ಇದನ್ನು ಅನುಸರಿಸುವುದೇ ಮೇಲು. ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಬಹುತೇಕ ಎಲೆಕ್ಟ್ರಾನಿಕ್ ಸರಕುಗಳಲ್ಲಿ ಸೀಸವನ್ನು ನಿರ್ಬಂಧಿಸಿತು. ಭಾರತವೂ 2011ರ ಇ-ತ್ಯಾಜ್ಯ ನಿಯಮಗಳ ಮೂಲಕ ಅಂಥ ಮಿತಿಯನ್ನು ವಿಧಿಸಿತು. ತವರಕ್ಕೆ ಬಿಸ್ಮತ್ ಬೆರೆಸಿದ, 138 ಡಿಗ್ರಿಯಲ್ಲಿಯೇ ಕರಗುವ ಪೇಸ್ಟುಗಳೂ ದೊರೆಯುತ್ತವೆ. ಆದರೆ ಸೀಸ ಹೋದರೂ ಫ್ಲಕ್ಸ್ ಹೋಗುವುದಿಲ್ಲ. ಅದರ ಜಿಡ್ಡು ಓವನಿನ ಗೋಡೆಗಳಿಗೆ ಅಂಟಿ, ಮುಂದೆ ಓವನ್ ಕಾದಾಗಲೆಲ್ಲ ಹೊಗೆಯಾಗಿ ಏಳುತ್ತದೆ. ಅದೂ ಅಲ್ಲದೆ ಹವ್ಯಾಸಿಯ ಕೈಗೆ ಬರುವ ಹಳೆಯ ಬೋರ್ಡುಗಳಲ್ಲಿ ಯಾವ ಲೋಹವಿದೆಯೆಂದು ಕಣ್ಣಿನಿಂದ ಹೇಳಲಾಗದು.

ಮೂರನೆಯದು, ಒಂದೇ ಒಂದು ಸಲಕ್ಕೆ ಏನಾದೀತು ಎಂಬ ಮಾತು. ಕೆಟ್ಟುನಿಂತ ಕಂಪ್ಯೂಟರಿನ ಬೋರ್ಡನ್ನು ಓವನಿನಲ್ಲಿ ಎಂಟು ಹತ್ತು ನಿಮಿಷ ಬೇಯಿಸಿದರೆ ಬಿರುಕುಬಿಟ್ಟ ಬೆಸುಗೆ ಕೂಡಿಕೊಂಡು ಮತ್ತೆ ನಡೆಯುತ್ತದೆಂಬ ಉಪಾಯ ವಿದ್ಯಾರ್ಥಿಗಳಲ್ಲಿ ಪ್ರಚಾರದಲ್ಲಿತ್ತು. ಒಮ್ಮೊಮ್ಮೆ ನಡೆದದ್ದೂ ಉಂಟು. ಆದರೆ ಬಹಳ ಕಾಲ ಬಾಳಿದ್ದು ಅಪರೂಪ. ವರ್ಷಗಟ್ಟಲೆ ಧೂಳು ಕುಡಿದ ಬೋರ್ಡನ್ನು ಅನ್ನ ಬೇಯುವ ಕಡೆ ಬೇಯಿಸಿ ಪಡೆದ ಲಾಭ ಕೆಲವೇ ವಾರಗಳದು. ತೊಳೆದರೆ ಹೋಗುತ್ತದೆಂಬ ವಾದವೂ ನಿಲ್ಲುವುದಿಲ್ಲ. ತಟ್ಟೆಯನ್ನು ತೊಳೆಯಬಹುದು, ಕಾಯಿಸುವ ಸರಳುಗಳ ಹಿಂದಿನ ಸಂದುಗಳನ್ನು ತೊಳೆಯುವವರಾರು?

ಮುಸುರೆಯ ಪಾತ್ರೆಯನ್ನು ಬೇರೆಯಿಡುತ್ತಿದ್ದ, ಕಲಾಯಿಯವನನ್ನು ಮನೆಯ ಹೊರಗೆ ಮರದ ನೆರಳಿನಲ್ಲಿ ಕೂರಿಸಿ ನವಸಾಗರದ ಹೊಗೆಯನ್ನು ಹೊರಗೇ ಬಿಡುತ್ತಿದ್ದ ಹಿರಿಯರ ಪದ್ಧತಿಯಲ್ಲಿ ಒಂದು ವಿವೇಕವಿತ್ತು. ಕಲಾಯಿಯ ತವರ ಪಾತ್ರೆಗೆ ಬೇಕು. ಆದರೆ ಕಲಾಯಿ ಹಾಕುವ ಕೆಲಸ ಅಡುಗೆಮನೆಗೆ ಬೇಡ. ಆ ವಿವೇಕ ಇಂದಿನ ಬೆಸುಗೆಗೂ ಅನ್ವಯಿಸುತ್ತದೆ.

ಮಾಡಬೇಕಾದುದೇನು?

ಬೇಡವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಎಡೆ ಮಾಡಿಕೊಡುವುದು ಕಷ್ಟ. ಹಿರಿಯರು ಎರಡನೆಯದನ್ನೇ ಆರಿಸಿಕೊಳ್ಳಬೇಕು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಚೆನ್ನೈಯ ರಿಚಿ ಸ್ಟ್ರೀಟಿನಲ್ಲೋ ಬಿಡಿಭಾಗಗಳನ್ನು ಹುಡುಕುತ್ತ ಅಲೆಯುವ ಮಗ ಅಥವಾ ಮಗಳು ಕೈಯಿಂದ ಕಲಿಯುತ್ತಿರುವ ವಿದ್ಯೆ ಪುಸ್ತಕದಿಂದ ಬರುವಂಥದಲ್ಲ.

ಮನೆಯ ಹಳೆಯ ಓಟಿಜಿಯನ್ನು ಬೆಸುಗೆಗೆ ಕೊಟ್ಟರೆ ಅದನ್ನು ಶಾಶ್ವತವಾಗಿ ಕೊಟ್ಟಂತೆಯೇ ಭಾವಿಸಬೇಕು. ಅದರ ಮೈಮೇಲೆ 'ಬೆಸುಗೆಗೆ ಮಾತ್ರ, ಆಹಾರಕ್ಕಲ್ಲ' ಎಂದು ಅಳಿಸದ ಬಣ್ಣದಿಂದ, ಮನೆಗೆಲಸದವರಿಗೂ ತಿಳಿಯುವ ಭಾಷೆಯಲ್ಲಿ, ದೊಡ್ಡದಾಗಿ ಬರೆಯಬೇಕು. ಅದನ್ನು ಯಾರಿಗೂ ದಾನ ಮಾಡಕೂಡದು, ಮಾರಕೂಡದು. ಕೊಂಡವರು ಅದರಲ್ಲಿ ಬ್ರೆಡ್ಡು ಸುಟ್ಟಾರು. ಹೊಸ ಓವನ್ ಕೊಳ್ಳುವ ಶಕ್ತಿಯಿಲ್ಲದವರು ಬೋರ್ಡಿನಷ್ಟೇ ಅಗಲದ ಸಣ್ಣ ಹಾಟ್ ಪ್ಲೇಟನ್ನು ಬಳಸಬಹುದು. ಒಂದು ಬದಿಗೆ ಮಾತ್ರ ಭಾಗಗಳಿರುವ ಬೋರ್ಡಿಗೆ ಅಷ್ಟು ಸಾಕು. ಮನೆಯ ದೋಸೆ ಕಾವಲಿಯನ್ನು ಇದಕ್ಕೆ ಬಳಸುವವರಿಗೂ ಓವನಿನ ನಿಯಮವೇ ಅನ್ವಯಿಸುತ್ತದೆ: ಆ ಕಾವಲಿಯ ಮೇಲೆ ಮತ್ತೆ ದೋಸೆ ಹೊಯ್ಯಬಾರದು.

ಕೆಲಸ ಅಡುಗೆಮನೆಯಲ್ಲಿ ಬೇಡ. ಗಾಳಿಯಾಡುವ ಬಾಲ್ಕನಿಯಲ್ಲೋ, ಹೊರಗೆ ದೂಡುವ ಫ್ಯಾನಿರುವ ಕಿಟಕಿಯ ಬಳಿಯಲ್ಲೋ ನಡೆಯಲಿ. ಓವನ್ ಹೊತ್ತಿರುವಾಗ ಅದನ್ನು ಬಿಟ್ಟು ಏಳಬಾರದು. ಕೈಗೆ ನೈಟ್ರೈಲ್ ಗವಸು ಧರಿಸಬೇಕು. ಬೋರ್ಡಿನ ಮುಂದೆ ಕಾಫಿಯ ಲೋಟ ಇಡಬಾರದು. ಮುಗಿದ ಮೇಲೆ ಸೋಪಿನಿಂದ ಕೈ ಚೆನ್ನಾಗಿ ತೊಳೆಯಬೇಕು. ಮೇಜನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗುಡಿಸಿದರೆ ಧೂಳು ಏಳುತ್ತದೆ. ಸಣ್ಣ ಮಕ್ಕಳೂ ಗರ್ಭಿಣಿಯರೂ ಹತ್ತಿರ ಸುಳಿಯಬಾರದು. ಪೇಸ್ಟನ್ನು ಮನೆಯ ಫ್ರಿಜ್ಜಿನಲ್ಲಿಡದೆ, ಬೇಕಾದಷ್ಟನ್ನೇ ಸಣ್ಣ ಸಿರಿಂಜಿನಲ್ಲಿ ಕೊಂಡು ಬೇಗ ಮುಗಿಸಬೇಕು. ತಂಪಿಲ್ಲದೆಯೂ ಕೆಲಕಾಲ ಉಳಿಯುವ ಪೇಸ್ಟುಗಳು ಸಿಗುತ್ತವೆ. ಒರೆಸಿದ ಬಟ್ಟೆ, ಉಳಿದ ಪೇಸ್ಟು, ಕೆಟ್ಟ ಬೋರ್ಡುಗಳನ್ನು ಅಡುಗೆಮನೆಯ ಕಸದೊಂದಿಗೆ ಬೆರೆಸದೆ ಬೇರೆಯಾಗಿ ಕಟ್ಟಿಟ್ಟು, ಇ-ತ್ಯಾಜ್ಯ ಸ್ವೀಕರಿಸುವ ಅಧಿಕೃತರಿಗೆ ಒಪ್ಪಿಸಬೇಕು. ಈಗಾಗಲೇ ಒಂದೇ ಓವನನ್ನು ಎರಡಕ್ಕೂ ಬಳಸಿದ ಮನೆಯವರು ಗಾಬರಿಪಡಬೇಕಾಗಿಲ್ಲ. ಅಡುಗೆಯನ್ನು ಅದರಲ್ಲಿ ಇಂದೇ ನಿಲ್ಲಿಸಬೇಕು. ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ವೈದ್ಯರಿಗೆ ವಿಷಯ ತಿಳಿಸಿ, ಅವರು ಹೇಳಿದರೆ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಬೇಕು.

ಸಂಘಗಳು ಮನಸ್ಸು ಮಾಡಿದರೆ

ಇಷ್ಟೆಲ್ಲ ವ್ಯವಸ್ಥೆ ಪ್ರತಿ ಫ್ಲಾಟಿನಲ್ಲಿಯೂ ಸಾಧ್ಯವಿಲ್ಲವೆಂಬುದು ಒಪ್ಪತಕ್ಕ ಮಾತು. ಇಲ್ಲಿಯೇ ಕನ್ನಡ ಸಂಘಗಳ ಜವಾಬ್ದಾರಿ ಆರಂಭವಾಗುತ್ತದೆ. ಒಂದು ಮನೆಗೆ ಕಷ್ಟವಾದುದು ನೂರು ಮನೆಗಳು ಕೂಡಿದರೆ ಸುಲಭ. ನಾಟಕದ ತಾಲೀಮಿಗೆ, ಭಜನೆಗೆ, ವಾಚನಾಲಯಕ್ಕೆ, ಆರೋಗ್ಯ ಶಿಬಿರಕ್ಕೆ ಎಡೆ ಮಾಡಿಕೊಟ್ಟಿರುವ ಸಂಘದ ಕಟ್ಟಡದಲ್ಲಿ, ಗಾಳಿಯಾಡುವ ಒಂದು ಮೂಲೆಯನ್ನು ತರುಣರ ಕಾರ್ಯಾಗಾರಕ್ಕೆ ಬಿಟ್ಟುಕೊಡಬಹುದು. ಒಂದು ಓವನ್, ಹೊಗೆ ಹೊರದೂಡುವ ಒಂದು ಫ್ಯಾನು, ಕೈತೊಳೆಯಲು ಒಂದು ನಲ್ಲಿ, ಬೆಂಕಿ ಆರಿಸುವ ಒಂದು ಸಾಧನ, ಬೇಕಾದುದು ಇಷ್ಟೇ. ಸರ್ಕಾರ 2016ರಿಂದ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬುಗಳನ್ನು ತೆರೆಸುತ್ತ ಬಂದಿದೆ; ಆದರೆ ಅವು ಮುಖ್ಯವಾಗಿ ಶಾಲೆಯ ಮಕ್ಕಳಿಗಾಗಿ ಇರುವಂಥವು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು ವಾರಕ್ಕೊಂದು ಸಂಜೆ ಅಲ್ಲಿ ಬಂದು ಕೂತರೆ, ಹಳಬರ ಕೈಚಳಕ ಹೊಸಬರಿಗೆ ದಾಟುತ್ತದೆ. ಭಾಷೆ ಮರೆಯುತ್ತಿರುವ ಮೊಮ್ಮಕ್ಕಳ ಕಿವಿಗೆ ಬೆಸುಗೆಯ ನೆಪದಲ್ಲಿ ನಾಲ್ಕು ಕನ್ನಡದ ಮಾತೂ ಬೀಳುತ್ತದೆ.

ಯಂತ್ರವಿದ್ಯೆಯನ್ನು ಮನೆಯೊಳಕ್ಕೆ ಬರಮಾಡಿಕೊಳ್ಳುವುದು ತಪ್ಪಲ್ಲ. ಅದನ್ನು ಎಲ್ಲಿ ಕೂರಿಸಬೇಕೆಂಬ ವಿವೇಚನೆ ಇರಬೇಕು. ಮಗನ ಬೋರ್ಡು ಬೆಳಗಲಿ, ತಂಗಿಯ ಮಗುವಿನ ರಕ್ತವೂ ಶುದ್ಧವಾಗಿರಲಿ. ಎರಡೂ ಸಾಧ್ಯವಾಗಬೇಕಾದರೆ ಒಲೆಗಳು ಎರಡಾಗಲೇಬೇಕು. ಈ ವಾರ್ಷಿಕ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ವಾಚಕರು ಒಮ್ಮೆ ಎದ್ದುಹೋಗಿ ಅಡುಗೆಮನೆಯ ಓವನನ್ನೂ ಫ್ರಿಜ್ಜಿನ ಬಾಗಿಲಿನ ಗೂಡನ್ನೂ ನೋಡಿಬಂದರೆ, ಅದೇ ಮೊದಲ ಹೆಜ್ಜೆ.